ಬೆಳ್ಳಿಯನ್ನು ಬಿಟ್ಟು 'ಚೋಮನ ದುಡಿ' ಓದಬಹುದೆ?

ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ಬಿ.ವಿ. ಕಾರಂತರು ನಿರ್ದೇಶಿಸಿದ 1975ರ ಚಲನಚಿತ್ರಕ್ಕೆ ಸ್ವರ್ಣಕಮಲ ಬಂತು. ಓದಿದವರನ್ನು ಕೇಳಿರಿ, ನೋಡಿದವರನ್ನು ಕೇಳಿರಿ, ಉತ್ತರ ಒಂದೇ: ಸ್ವಂತ ಬೇಸಾಯದ ಆಸೆ ಈಡೇರದೆ ದುಡಿ ಬಡಿಯುತ್ತ ಸತ್ತ ಚೋಮನ ಕಥೆ. ಈ ಉತ್ತರ ತಪ್ಪಲ್ಲ. ಆದರೆ ಇದರಲ್ಲಿ ಮಗಳು ಬೆಳ್ಳಿ ಎಲ್ಲಿದ್ದಾಳೆ? ಅವಳನ್ನು ಬಿಟ್ಟು ಓದಿದರೆ ಜೀತದ ಈ ಕಥೆಯನ್ನು ಅರ್ಧ ಮಾತ್ರ ಓದಿದಂತೆ ಎಂದು ನಮ್ಮ ಅಭಿಪ್ರಾಯ.

ಚೋಮನಿಗೆ ಎರಡು ಕಟ್ಟುಗಳಿವೆ. ಊರಲ್ಲಿ ಒಡೆಯ ಸಂಕಪ್ಪಯ್ಯ, ಕಾಫಿ ತೋಟದಲ್ಲಿ ತೀರದ ಸಾಲ. ಮೊದಲನೆಯದನ್ನು ನಮ್ಮ ಜಾತಿ ಪದ್ಧತಿ ಹಾಕಿತು. ಎರಡನೆಯದನ್ನು ಬ್ರಿಟಿಷರ ಕಾಲದ ತೋಟಗಳು ಬಿಗಿ ಮಾಡಿದವು. ಕಂಪನಿ ಸರ್ಕಾರ 1843ರಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದುಹಾಕಿತು. ಆದರೆ 1859ರಲ್ಲಿ, ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಜೈಲಿಗೆ ಹಾಕಬಹುದಾದ ಕಾಯ್ದೆಯನ್ನು ಬ್ರಿಟಿಷ್ ಆಳ್ವಿಕೆಯೇ ತಂದಿತು. ಮನುಷ್ಯನನ್ನು ಮಾರುವುದಕ್ಕೆ ತಡೆ ಬಂತು, ಸಾಲ ಕೊಟ್ಟು ಹಿಡಿದಿಡುವುದಕ್ಕೆ ಕಾನೂನೇ ನೆರವಾಯಿತು.

ಆ ಸಾಲ ತೀರಿಸಲು ಚೋಮ ಗಂಡು ಮಕ್ಕಳನ್ನು ತೋಟಕ್ಕೆ ಕಳಿಸುತ್ತಾನೆ. ಒಬ್ಬ ಜ್ವರದಿಂದ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತನಾಗಿ ಅಲ್ಲೇ ನಿಲ್ಲುತ್ತಾನೆ. ಕೊನೆಗೆ ಹೋಗುವವಳು ಬೆಳ್ಳಿ. ಗಂಡಾಳಿನಿಂದ ತೋಟದವರು ದುಡಿತ ಮಾತ್ರ ಪಡೆದರು, ಬೆಳ್ಳಿಯಿಂದ ದುಡಿತದ ಜೊತೆ ಮೈಯನ್ನೂ ಪಡೆದರು. ಆಗ ಸಾಲ ತೀರಿತು. ಆದರೂ ಕೊನೆಯಲ್ಲಿ ತಂದೆಯ ಸಿಟ್ಟು ಇಳಿಯುವುದು ಅವಳ ಮೇಲೆಯೇ. ಚೋಮನಿಗೆ ದುಃಖ ಹೇಳಿಕೊಳ್ಳಲು ದುಡಿಯಾದರೂ ಇತ್ತು, ಬೆಳ್ಳಿಗೆ ಅದೂ ಇಲ್ಲ. ಕಾರಂತರು ಅವಳ ಸ್ಥಿತಿಯನ್ನು ಮುಚ್ಚಿಡದೆ ಬರೆದರು, ಅದು ದೊಡ್ಡದು. ಆದರೆ ಅವಳ ಬಾಯಿಂದ ಆಡಿಸಿದ ಮಾತು ಕಡಿಮೆ. ಆ ಮಾತನ್ನು ಓದುಗರೇ ಕೇಳಿಸಿಕೊಳ್ಳಬೇಕು.

ತೊಂಬತ್ತು ವರ್ಷದ ಹಿಂದಿನ ಕರಾವಳಿಯ ಕಥೆ ಜತ್ತ ತಾಲೂಕಿನ ನಮಗೇಕೆ ಎನ್ನಬಹುದು. ಮಳೆ ಕಡಿಮೆಯ ನಮ್ಮ ಭಾಗದಿಂದ ಪ್ರತಿ ವರ್ಷ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ. ಮುಕಾದಮ ಮೊದಲೇ ಉಚಲು ಕೊಟ್ಟಿರುತ್ತಾನೆ. ಗಂಡ ಹೆಂಡತಿ ಸೇರಿ ಲೆಕ್ಕದಲ್ಲಿ ಒಂದು 'ಕೊಯ್ತಾ'. ದುಡಿಯುವವರು ಇಬ್ಬರು, ಹಣ ಸಾಮಾನ್ಯವಾಗಿ ಗಂಡನ ಕೈಗೆ. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯ ದೊಡ್ಡ ಹುಡುಗಿಯೂ ಶಾಲೆ ಬಿಟ್ಟು ಹೋಗುತ್ತಾಳೆ. 2019ರಲ್ಲಿ ಬೀಡ ಜಿಲ್ಲೆಯಲ್ಲಿ ತಪಾಸಣೆ ನಡೆದಾಗ, ಕಬ್ಬು ಕಡಿಯುವ 13 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಗರ್ಭಕೋಶ ತೆಗೆಸಿಕೊಂಡದ್ದು ಸರ್ಕಾರಿ ಸಮಿತಿಗೆ ಕಂಡುಬಂತು. ಮುಟ್ಟಿನ ದಿನ ಕೆಲಸ ತಪ್ಪಿದರೆ ದಂಡ ಬೀಳುತ್ತದೆ ಎಂಬ ಭಯ ಅದಕ್ಕೆ ಒಂದು ಕಾರಣವೆಂದು ಆಗ ಚರ್ಚೆಯಾಯಿತು.

ಇದೆಲ್ಲ ಚೋಮನ ಕಾಲದ ಜೀತವೇ ಎಂದು ನಾವು ಹೇಳುವುದಿಲ್ಲ. ಜೀತ ರದ್ದತಿ ಕಾಯ್ದೆ 1976ರಲ್ಲೇ ಬಂದಿದೆ. ಆದರೆ ಮುಂಗಡದ ಭಾರ ಹೆಣ್ಣಿನ ಮೈಮೇಲೆ ಬೀಳುವ ರೀತಿ ಅದೇ ಉಳಿದಿದೆ.

ಗುರುಬಳಗಕ್ಕೆ ನಮ್ಮ ವಿನಂತಿ ಇಷ್ಟೆ. ಈ ಕಾದಂಬರಿಯ ಕಥೆ ಹೇಳುವಾಗ 'ಚೋಮನ ಆಸೆ ಏನು?' ಎಂಬ ಪ್ರಶ್ನೆಗೆ ನಿಲ್ಲಬೇಡಿರಿ. 'ಚೋಮನ ಸಾಲ ತೀರಿಸಿದವರು ಯಾರು?' ಎಂದೂ ಕೇಳಿರಿ. ಗ್ಯಾಂಗಿನ ಜೊತೆ ಹೋಗಿ ಬಂದ ಹುಡುಗಿಯರು ನಮ್ಮ ವರ್ಗದಲ್ಲೇ ಇದ್ದಾರೆ. ಈ ಪ್ರಶ್ನೆಗೆ ನಮಗಿಂತ ಚೆನ್ನಾಗಿ ಅವರೇ ಉತ್ತರ ಹೇಳಬಲ್ಲರು.