ಬೀಗರೂಟದ ಮನ್ಯಾಗೆ ಗಾಡಿ ಕೀ ಯಾರ ಕೈಯಾಗಿರಬೇಕು?

ಮಾಘ ಮಾಸ ಬಂತಂದ್ರೆ ಸಾಕು, ನಮ್ಮ ಕಡೆ ಮದುವೆ, ಬೀಗರೂಟ, ಗೃಹಪ್ರವೇಶ, ಮಾರಿಹಬ್ಬ ಒಂದರ ಬೆನ್ನಿಗೆ ಒಂದು. ಇವತ್ತು ಚನ್ನಗಿರಿ, ನಾಳೆ ಹೊನ್ನಾಳಿ, ನಾಡಿದ್ದು ನ್ಯಾಮತಿ. ಜಗಳೂರಿಗೆ ಹೋಗಿ ಬಂದ್ರಂತೂ ಒಂದು ದಿನಾನೇ ಹೋತು. ಯಾರು ಎಂಥ ಸೀರೆ ಉಟ್ಟಿದ್ರು, ಮುಯ್ಯಿ ಎಷ್ಟು ಬಂತು, ಸಾರಿಗೆ ಖಾರ ಜಾಸ್ತಿ ಆತಾ ಅಂತ ನಾವು ಹೆಣ್ಮಕ್ಕಳು ತಾಸುಗಟ್ಲೆ ಮಾತಾಡ್ತೀವಿ. ಆದ್ರೆ ಪೆಂಡಾಲಿನ ಹಿಂದೆ, ತೋಟದ ಮನ್ಯಾಗೆ ಗಂಡಸರು ಕೂತು ಎಣ್ಣೆ ಹಾಕ್ತಾರಲ್ಲ, ಅದರ ಬಗ್ಗೆ ಮಾತ್ರ ಬಾಯಿ ಬಿಡಲ್ಲ. ಗೊತ್ತಿಲ್ಲದೋರ ಥರ ಇರ್ತೀವಿ. ನಾನೂ ಹಂಗೇ ಇದ್ದೆ. ಅದಕ್ಕೇ ಇವತ್ತು ಹೇಳ್ತಿದೀನಿ.

ಮೂರು ವರ್ಷದ ಹಿಂದೆ ನನ್ನ ಮಗಳ ಬೀಗರೂಟ ನಮ್ಮ ಮನೆ ಮುಂದೇನೇ ನಡೀತು. ನನ್ನ ತಮ್ಮ ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು, ಪಂಕ್ತಿ ಪಂಕ್ತಿಗೂ ಬಡಿಸಿದ. ರಾತ್ರಿ ಬೀಗರ ಜೊತೆ ಕೂತ. ಒಂಬತ್ತು ಗಂಟೆಗೆ ಅಡಿಗೆ ಮನೆಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿದು, "ಅಕ್ಕಾ, ಹೊಂಡ್ತೀನಿ, ಕೀ ಎಲ್ಲೈತಿ?" ಅಂದ. ವಾಸನೆ ನನ್ನ ಮೂಗಿಗೆ ಬಡೀತು. ಕೀ ಸಾಂಬಾರ ಡಬ್ಬಿ ಪಕ್ಕದಾಗಿತ್ತು. ನಾನೇ ತೆಗೆದು ಕೈಯಾಗಿಟ್ಟೆ. "ನಿಧಾನ ಹೋಗಪ್ಪ" ಅಂದೆ. ಅಷ್ಟೇ ನಾನು ಮಾಡಿದ್ದು.

ಭದ್ರಾ ನಾಲೆ ತಿರುವಿನಾಗೆ, ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಇಟ್ಕೊಂಡು ತಳ್ಳಿಕೊಂಡು ಹೋಗ್ತಿದ್ದ ಒಬ್ಬ ಯಜಮಾನರಿಗೆ ಗುದ್ದಿದ. ಅವರ ತೊಡೆ ಮೂಳೆ ಮುರೀತು. ಇವನ ಮಂಡಿ ಪುಡಿಯಾತು. ದೇವರ ದಯೆ, ಇಬ್ಬರೂ ಉಳಿದರು.

ಉಳಿದರು ಅಂತ ಬರೆಯೋದು ಸುಲಭ. ಆ ಯಜಮಾನರು ಮತ್ತೆ ಕೂಲಿಗೆ ಹೋಗೋಕೆ ಆಗಲಿಲ್ಲ. ನನ್ನ ತಮ್ಮನಿಗೆ ಕೋರ್ಟು, ದಂಡ, ಲೈಸೆನ್ಸೂ ಹೋತು. ಆಸ್ಪತ್ರೆಗೆ, ವಕೀಲರಿಗೆ ಅಂತ ಎರಡು ವರ್ಷದ ಅಡಿಕೆ ಫಸಲನ್ನ ಮುಂಚೇನೇ ಚೇಣಿ ಕೊಟ್ಟ. ತಮ್ಮನ ಹೆಂಡ್ತಿ ತನ್ನ ತೋಟದಾಗೇ ಚೇಣಿದಾರರ ಹತ್ರ ಅಡಿಕೆ ಸುಲಿಯೋಕೆ ಕೂಲಿಗೆ ಕೂತಳು. ಕುಡಿದಿದ್ದು ಒಬ್ಬ, ತೆತ್ತಿದ್ದು ಎರಡು ಮನೆ.

ಆಸ್ಪತ್ರೆ ಮೆಟ್ಲ ಮೇಲೆ ಆ ಯಜಮಾನರ ಹೆಂಡ್ತಿ ನನ್ನ ನೋಡಿ ಕೇಳಿದ್ದು ಒಂದೇ ಮಾತು: "ನಿಮ್ಮ ಮನೇಲೇ ಉಂಡು ಬಂದೋನಂತಲ್ಲವ್ವಾ?" ಬೈದಿದ್ರೆ ತಡಕೊಳ್ತಿದ್ದೆ. ಈ ಮಾತಿಗೆ ಇವತ್ತಿಗೂ ನನ್ನ ಹತ್ರ ಉತ್ತರ ಇಲ್ಲ.

ಆಮೇಲೆ ವಕೀಲರನ್ನ ಕೇಳಿ ತಿಳ್ಕೊಂಡಿದ್ದನ್ನ ನಿಮಗೂ ಹೇಳ್ತೀನಿ. 100 ಮಿಲಿ ರಕ್ತದಾಗೆ 30 ಮಿಲಿಗ್ರಾಂ ಮೀರಿ ಮದ್ಯದ ಅಂಶ ಇದ್ರೆ ಅಪರಾಧ. 2019ರ ಸೆಪ್ಟೆಂಬರಿನಿಂದ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲಾ 6 ತಿಂಗಳ ತನಕ ಜೈಲು, ಎರಡೂ ಆಗಬಹುದು. ಮತ್ತೆ ಸಿಕ್ಕಿಬಿದ್ರೆ 15,000 ರೂಪಾಯಿ, 2 ವರ್ಷದ ತನಕ ಜೈಲು. ಇನ್ನೊಂದು ಮಾತು ನಮಗೆ ಯಾರೂ ಹೇಳಿರಲ್ಲ. ಗಾಡಿ ಇನ್ಶೂರೆನ್ಸ್ ಜೊತೆ ಮಾಲೀಕ ಸತ್ರೆ ಮನೆಯವರಿಗೆ 15 ಲಕ್ಷ ಬರೋ ಒಂದು ವಿಮೆ ಇರ್ತತಿ. ಕುಡಿದು ಓಡಿಸಿ ಸತ್ತ ಅಂತಾದ್ರೆ ಆ ದುಡ್ಡು ಬರಲ್ಲ. ಗಂಡಾನೂ ಹೋದ, ದುಡ್ಡೂ ಇಲ್ಲ.

"ಮಜ್ಜಿಗೆ ಕುಡಿದೀನಿ, ನಿಂಬೆಹಣ್ಣು ಹಿಂಡ್ಕೊಂಡೀನಿ, ಇಳೀತು" ಅಂತಾರಲ್ಲ, ಸುಳ್ಳು. ಕಾಫಿ, ತಣ್ಣೀರು ಸ್ನಾನ ಯಾವುದರಿಂದಲೂ ಇಳಿಯಲ್ಲ. ಅದನ್ನ ಕರಗಿಸೋದು ಪಿತ್ತಜನಕಾಂಗ, ಅದು ತನ್ನ ಲೆಕ್ಕದಾಗೇ ಮಾಡ್ತತಿ. ಹೊತ್ತು ಹೋಗಬೇಕು ಅಷ್ಟೇ. ನನ್ನ ಮಜ್ಜಿಗೆ ಅವತ್ತು ಏನೂ ಮಾಡಲಿಲ್ಲ.

ನಮ್ಮ ರಾಜ್ಯದಾಗೆ 2007ರ ಜುಲೈನಾಗೆ ಸಾರಾಯಿ ನಿಂತಿತು. 2019ರ ಜನವರಿಯಾಗೆ ಮದ್ಯ ನಿಷೇಧ ಮಾಡ್ರಿ ಅಂತ ಸಾವಿರಾರು ಹೆಣ್ಮಕ್ಕಳು ಇಲ್ಲೇ ಪಕ್ಕದ ಚಿತ್ರದುರ್ಗದಿಂದ ಬೆಂಗಳೂರಿಗೆ ನಡಕೊಂಡೇ ಹೋದರು. ಅವರಿಗೆ ಕೈಮುಗೀತೀನಿ. ಆದ್ರೆ ನನ್ನ ಮಾತು ಅಷ್ಟು ದೊಡ್ಡದಲ್ಲ. ಅಂಗಡಿ ಮುಚ್ಚೋದು ಸರ್ಕಾರದ ಕೈಯಾಗೈತಿ. ನಮ್ಮನೆ ಬಾಗಿಲು ನಮ್ಮ ಕೈಯಾಗೈತಿ.

"ಕುಡಿಯೋರು ಅವರು, ಕಾವಲು ನಾವ್ಯಾಕೆ ಕಾಯಬೇಕು?" ಅಂತ ನನ್ನ ವಾರಗಿತ್ತಿ ಕೇಳಿದಳು. ಮಾತು ಸರಿ ಐತಿ. ತಪ್ಪು ಅವರದೇ. ನನ್ನ ತಮ್ಮಂದೂ ಅವನದೇ. ಆದ್ರೆ ಆಮೇಲೆ ಆಸ್ಪತ್ರೆಯಾಗೆ ಬುತ್ತಿ ಹಿಡಕೊಂಡು ಕೂರೋರು ನಾವು. ಅದೂ ಅಲ್ದೆ ಇದು ಹೆಂಗಸರ ಕೆಲಸ ಮಾತ್ರ ಅಂತ ನಾನು ಹೇಳ್ತಿಲ್ಲ. ಕಾರ್ಯ ಮಾಡೋ ಮನೆ ಯಜಮಾನನೇ ಮುಂದೆ ನಿಲ್ಲಬೇಕು. ಕುಡಿಸೋಕೆ ದುಡ್ಡು ಐತಿ ಅಂದ್ರೆ ಮನೆ ಮುಟ್ಟಿಸೋಕೂ ಇರಬೇಕು.

ಹೋದ ವರ್ಷ ನಮ್ಮನೆ ಗೃಹಪ್ರವೇಶದಾಗೆ ಹಂಗೇ ಮಾಡಿದ್ವಿ. ಸಂಜೆ ಕೂತೋರ ಗಾಡಿ ಕೀ ಎಲ್ಲಾ ನನ್ನ ಯಜಮಾನರು ಒಂದು ಸ್ಟೀಲ್ ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟರು. ಕುಡಿಯದ ಇಬ್ಬರು ಹುಡುಗರಿಗೆ ಒಂದು ಟೆಂಪೋ ಗೊತ್ತು ಮಾಡಿ ಕೊಟ್ವಿ. ದೂರದೋರಿಗೆ ಮಾಳಿಗೆ ಮೇಲೆ ಜಮಖಾನ, ಕಂಬಳಿ ಹಾಸಿದ್ವಿ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಜೊತೆ ಕೀ ವಾಪಸ್ಸು. ಖರ್ಚು ಪೆಂಡಾಲಿನ ಬಾಡಿಗೆಗಿಂತ ಕಮ್ಮಿ.

ಹತ್ತಿರದ ನೆಂಟರೊಬ್ಬರು ಮಾತ್ರ "ಬೀಗರ ಮರ್ಯಾದೆ ತೆಗೆದ್ರಿ" ಅಂತ ಕೂಗಾಡಿ, ಮುಖ ಗಂಟು ಹಾಕ್ಕೊಂಡೇ ಮಲಗಿದರು. ಇವತ್ತಿಗೂ ನನ್ನ ಜೊತೆ ಮಾತಾಡಲ್ಲ. ಬಿಡಲಿ.

ಅವರ ಹೆಂಡ್ತಿ ಮಾತ್ರ ತಿಂಗಳಿಗೊಮ್ಮೆ ತಪ್ಪದೇ ಫೋನ್ ಮಾಡ್ತಾಳೆ. ಮುಂದಿನ ವೈಶಾಖದಾಗೆ ಅವಳ ಮಗಂದು ಮದುವೆ ಐತಿ. ಮೊನ್ನೆ ಕೇಳಿದಳು: "ಅಕ್ಕಾ, ಆ ಡಬ್ಬಿ ನಮಗೂ ಒಂದಿನ ಕೊಡ್ತೀಯಾ?"