ಆವಿಗೆ ನಮ್ಮ ಸಿಲೆಬಸ್‌ನಲ್ಲಿ ಇಲ್ಲ

ಕಳೆದ ಜುಲೈಯಲ್ಲಿ ನಾನು ಲ್ಯಾಬಿನ ಫರ್ನೇಸ್ ಒಳಗೆ ಒಂದು ಹಣತೆ ಒಡೆದೆ. ಕೈ ಜಾರಿ ಅಲ್ಲ, ಅದು ಒಳಗೇ ಪಟಾಕಿ ತರ ಸಿಡಿಯಿತು. ಕಾಪುವಿನ ನಮ್ಮ ಮನೆ ಗದ್ದೆಯಿಂದ ಮಣ್ಣು ತಂದು ಹಾಸ್ಟೆಲ್‌ನಲ್ಲೇ ಹಣತೆ ಮಾಡಿ, ಎರಡು ದಿನ ಫ್ಯಾನ್ ಕೆಳಗೆ ಒಣಗಿಸಿ, ಸೀದಾ ಬಿಸಿ ಏರಿಸಿದ್ದೆ. ಲ್ಯಾಬ್‌ನಲ್ಲಿ ಸರಿಯಾಗಿ ಬೈಸಿಕೊಂಡೆ, ತಪ್ಪು ನನ್ನದೇ. ನೀರು ಆವಿಯಾದರೆ ಸುಮಾರು 1600 ಪಟ್ಟು ಜಾಗ ಬೇಕು ಅಂತ ಥರ್ಮೋ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವನು ನಾನು. ಆ ಆವಿ ನನ್ನ ಹಣತೆಯ ಒಳಗೂ ಉಂಟು ಅಂತ ಹೊಳೆಯಲೇ ಇಲ್ಲ.

ಕಾರ್ಕಳದ ಹತ್ತಿರ ನನ್ನ ಅಮ್ಮನ ಊರಲ್ಲಿ ಮಡಕೆ ಮಾಡುವ ಒಬ್ಬರು ಅಜ್ಜ ಇದ್ದಾರೆ. ಅವರಿಗೆ ಈ ಕತೆ ಹೇಳಿದೆ. "ಮಳೆಗಾಲದಲ್ಲಿ ಯಾರು ಮಾರಾಯ ಆವಿಗೆ ಹಾಕುವುದು?" ಅಂತ ನಕ್ಕರು.

ಆವಿಗೆ! ಆ ಪದ ನಾನು ಕೇಳಿದ್ದು ಅದೇ ಮೊದಲು. ಇಂಗ್ಲಿಷ್ ಮೀಡಿಯಂನವನು, ಓವನ್‌ಗೆ ಕನ್ನಡದಲ್ಲಿ ಪದವೇ ಇಲ್ಲ ಅಂದುಕೊಂಡಿದ್ದೆ. ಕುಂಬಾರನಿಗೆ ಆವಿಗೆ, ಕಮ್ಮಾರನಿಗೆ ಕುಲುಮೆ, ಇಟ್ಟಿಗೆಗೆ ಗೂಡು. ಅಡುಗೆಮನೆಯಲ್ಲೂ ಓವನ್ ಇಲ್ಲದೆ ಕೆಲಸ ನಡೆದಿದೆ. ನಮ್ಮಜ್ಜಿ ಗೆಂಡದಡ್ಯೆ ಮಾಡುವಾಗ ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಎರಡೂ ಕಡೆಯಿಂದ ಬಿಸಿ. ಮೈಕ್ರೋವೇವ್‌ನಲ್ಲಿ ಆ ಕಂದು ಬಣ್ಣ, ಆ ಪರಿಮಳ ಬರಲ್ಲ, ಯಾಕಂದ್ರೆ ಅದು ಹೆಚ್ಚಾಗಿ ಒಳಗಿನ ನೀರನ್ನು ಬಿಸಿ ಮಾಡುತ್ತೆ, ಮೇಲ್ಮೈ 100 ಡಿಗ್ರಿ ದಾಟೋದೇ ಕಷ್ಟ. ಕಂದಾಗಲಿಕ್ಕೆ 140ರ ಆಸುಪಾಸು ಬೇಕು.

ಅಜ್ಜ ಹೇಳಿದ ಆವಿಗೆಯ ಲೆಕ್ಕ ಹೀಗೆ. ಮಡಕೆ ನೆರಳಲ್ಲಿ ದಿನಗಟ್ಟಲೆ ಒಣಗಬೇಕು. ಜೋಡಿಸಿ, ಕಟ್ಟಿಗೆ, ತೆಂಗಿನ ಸಿಪ್ಪೆ, ಹುಲ್ಲು ಹಾಕಿ ಮೇಲೆ ಮಣ್ಣು ಮೆತ್ತಬೇಕು. ಮೊದಲ ಕೆಲವು ಗಂಟೆ ಸಣ್ಣ ಬೆಂಕಿ ಮಾತ್ರ. ಬಿಳಿ ಹೊಗೆ ದಪ್ಪ ಇರುವಷ್ಟು ಹೊತ್ತು ಬೆಂಕಿ ಜಾಸ್ತಿ ಮಾಡೋ ಹಾಗಿಲ್ಲ. ಗಾಳಿ ಹೋಗದಿದ್ದರೆ ಮಡಕೆ ಕಪ್ಪು, ಹೋದರೆ ಕೆಂಪು. ಬೆಂದ ಮೇಲೆ ಅವಸರ ಮಾಡಿ ತೆರೆದರೆ ಬಿರುಕು. ನಾನು ರೂಮಿಗೆ ಬಂದು ಓದಿದೆ: ಬಿಳಿ ಹೊಗೆಯಲ್ಲಿ ಇರೋದು ಹೆಚ್ಚಾಗಿ ಮಣ್ಣಿನ ನೀರು. ಕೆಂಪು ಅಂದ್ರೆ ಕಬ್ಬಿಣಕ್ಕೆ ಆಮ್ಲಜನಕ ಸಿಕ್ಕಿದ್ದು. ಮಣ್ಣಿನಲ್ಲಿರುವ ಕ್ವಾರ್ಟ್ಜ್ 573 ಡಿಗ್ರಿಯಲ್ಲಿ ಒಮ್ಮೆಗೇ ಗಾತ್ರ ಬದಲಿಸುತ್ತೆ, ಅದಕ್ಕೇ ನಿಧಾನ ತಣಿಯಬೇಕು. ಅಜ್ಜ ಈ ನಂಬರ್ ಯಾವುದನ್ನೂ ಹೇಳಲಿಲ್ಲ. ಆದ್ರೆ ಅವರ ಹಣತೆ ಒಡೆಯಲ್ಲ, ನನ್ನದು ಒಡೆಯಿತು.

ಈ ಕರಾವಳಿಯೇ ಸುಟ್ಟ ಮಣ್ಣಿನ ಕೆಳಗೆ ಬದುಕಿದ್ದು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು, ಆಮೇಲೆ ಮಲ್ಪೆಯಲ್ಲೂ ಒಂದು ಬಂತು. ಕಾಪುವಿನ ನಮ್ಮ ಹಳೇ ಮನೆ ಮೇಲೆ ಈಗಲೂ ಮಂಗಳೂರು ಹಂಚೇ. (ರೊಟ್ಟಿ ಸುಡೋದಕ್ಕೂ ಹಂಚು ಅಂತಾರೆ ಅಂತ ನನ್ನ ಧಾರವಾಡದ ರೂಮ್‌ಮೇಟ್ ಹೇಳಿದಾಗ, ಅವನು ಮಾಡು ಇಳಿಸಿ ರೊಟ್ಟಿ ಸುಡ್ತಾನೆ ಅಂದುಕೊಂಡೆ.)

ಈಗ ನನ್ನ ತಕರಾರು. ಮೊದಲ ವರ್ಷ ವರ್ಕ್‌ಶಾಪ್‌ನಲ್ಲಿ ಫಿಟ್ಟಿಂಗ್ ಮಾಡ್ತೇವೆ, ವೆಲ್ಡಿಂಗ್ ಮಾಡ್ತೇವೆ, ಮಣ್ಣು ಮುಟ್ಟಲ್ಲ. ಹಿಂದೆ ಒಂದು ಮೂಲೆಯಲ್ಲಿ ಚಿಕ್ಕ ಆವಿಗೆ ಇಟ್ಟರೆ ಡ್ರೈಯಿಂಗ್, ಹೀಟ್ ಟ್ರಾನ್ಸ್‌ಫರ್, ಮೆಟೀರಿಯಲ್ ಸೈನ್ಸ್ ಮೂರೂ ಒಂದೇ ದಿನ ಕಾಣುತ್ತೆ. ಹೊಗೆ ಬರುತ್ತೆ ಅನ್ನೋದು ನಿಜ, ವರ್ಷಕ್ಕೆ ಎರಡು ಸಲ ತಡೆದುಕೊಳ್ಳಬಹುದು. ಕಲಿಸಲಿಕ್ಕೆ ಆ ಅಜ್ಜನಂಥವರನ್ನು ಕರೆಯಿರಿ. ಶಾಲು ಹೊದಿಸಿ ಫೋಟೋ ತೆಗೆದು ಕಳಿಸೋದಲ್ಲ, ಗೆಸ್ಟ್ ಲೆಕ್ಚರರ್‌ಗೆ ಎಷ್ಟು ಕೊಡ್ತೀರೋ ಅಷ್ಟೇ ದುಡ್ಡು ಕೊಟ್ಟು ಕರೆಯಿರಿ.

ನಮ್ಮ ಕನ್ನಡ ಸಂಘವೂ ಸಾಚಾ ಅಲ್ಲ. ಪ್ರತಿ ರಾಜ್ಯೋತ್ಸವಕ್ಕೆ ಸ್ಟೇಜ್ ಮೇಲೆ ಮಡಕೆ ಇಡ್ತೇವೆ, ಪೇಂಟ್ ಹೊಡೀತೇವೆ. ಹೋದ ವರ್ಷ ಬ್ರಷ್ ಹಿಡಿದವನು ನಾನೇ. ಅದನ್ನು ಎಲ್ಲಿ, ಯಾರು ಸುಟ್ಟರು ಅಂತ ಒಬ್ಬರೂ ಕೇಳಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅವು ಡಸ್ಟ್‌ಬಿನ್ ಪಕ್ಕ ಬಿದ್ದಿದ್ದವು.

ಅಜ್ಜನ ಮಗ ಈ ಕೆಲಸಕ್ಕೆ ಬರಲಿಲ್ಲ. ಬರಬೇಕಿತ್ತು ಅಂತ ಹೇಳುವ ಹಕ್ಕು ನನಗಿಲ್ಲ, ನಾನೂ ಕ್ಯಾಂಪಸ್ ಪ್ಲೇಸ್‌ಮೆಂಟ್ ಕಾಯುವವನೇ. ಆವಿಗೆ ಜೋಡಿಸಲಿಕ್ಕೆ ಜನ ಸಿಗಲ್ಲ ಅಂತ ಅವರು ಈಗ ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಸುಡೋದು.

ಡಿಸೆಂಬರ್‌ನಲ್ಲಿ ಒಂದು ಹಾಕ್ತಾರಂತೆ. ಟೆಂಪರೇಚರ್ ನೋಡಲಿಕ್ಕೆ ಥರ್ಮೋಕಪಲ್ ತರ್ತೇನೆ ಅಂದೆ. "ಅದಿರಲಿ, ಕಟ್ಟಿಗೆ ಹೊರಲಿಕ್ಕೆ ಇಬ್ಬರನ್ನು ಕರ್ಕೊಂಡು ಬಾ" ಅಂದರು. ನನ್ನ ಬೈಕಿನಲ್ಲಿ ಒಬ್ಬರಿಗೆ ಜಾಗ ಉಂಟು. ಇನ್ನೊಬ್ಬರು ಬಸ್ಸಿಗೆ ಬನ್ನಿ.