ಗೇರ್‌ಬಾಕ್ಸ್ ಇಳಿಸುವ ಮುನ್ನ

ಟ್ರ್ಯಾಕ್ಟರ್ ರಿಪೇರಿ ನೋಡುತ್ತ ಬೆಳೆದ ಕೆ.ಆರ್. ಪೇಟೆ, ನಾಗಮಂಗಲದ ಹುಡುಗರಿಗೆ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೂ ಮನೆಯಂಗಳದಲ್ಲೇ ಬದಲಿಸಬಹುದೆನಿಸುವುದು ಸಹಜ. 2014ರಲ್ಲಿ ಸೆಲೆರಿಯೊ ಕಾರಿನೊಂದಿಗೆ ಭಾರತಕ್ಕೆ ಬಂದ ಎಎಂಟಿಯ ಒಳಗಿರುವುದು ಮಾಮೂಲಿ ಕ್ಲಚ್ ಪ್ಲೇಟು, ಮಾಮೂಲಿ ಗೇರುಗಳೇ. ಟಾರ್ಕ್ ಕನ್ವರ್ಟರ್ ಇರುವುದು ಮಾತ್ರ ಬೇರೆ ಜಾತಿ.

ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಸ್ವಿಚ್ ಹಾಕಿ. ಗಾಳಿಯ ರಭಸಕ್ಕೆ ಇನ್ನೊಂದೂ ಮೆಲ್ಲಗೆ ತಿರುಗುತ್ತದೆ. ಕನ್ವರ್ಟರಿನಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ ತಿರುಗಿಸುವ ಚಕ್ರ ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಎದುರಿನ ಚಕ್ರವನ್ನು ತಿರುಗಿಸುತ್ತದೆ. (1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ಮಾಡಿದ ಕೆಲಸವೂ ಇಂಥದ್ದೇ.) ನಡುವಿನ ಮೂರನೆಯ ಚಕ್ರ ಮರಳುವ ಎಣ್ಣೆಯ ದಿಕ್ಕನ್ನು ಬದಲಿಸುವುದರಿಂದ ತಿರುಗಿಸುವ ಬಲ ಹೆಚ್ಚುತ್ತದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಏರಿನಲ್ಲಿ ನಿಂತ ಕಾರು ಹೊರಡುವುದು ಹೀಗೆ.

ಕೆಲಸ ಕೆಡುವುದೂ ಇಲ್ಲೇ. ಕನ್ವರ್ಟರನ್ನು ತಿರುಗಿಸುತ್ತ ಒತ್ತಿ ಎಣ್ಣೆ ಪಂಪಿನೊಳಗೆ ಪೂರ್ತಿ ಕೂರಿಸಬೇಕು. ಕೂರದಿದ್ದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಸಂದು ಉಳಿಯುತ್ತದೆ. ಬೋಲ್ಟು ಬಿಗಿದು ಆ ಸಂದು ಮುಚ್ಚಹೊರಟರೆ ಪಂಪು ಒಡೆದು, ಹೊಸ ಗೇರ್‌ಬಾಕ್ಸು ಒಂದು ಗಜವೂ ಓಡದೆ ಗುಜರಿ ಸೇರಬಹುದು.

ತಂದೆತಾಯಿಯರು ಕೇಳಬೇಕಾದ ಪ್ರಶ್ನೆ ಬೇರೆ. ಮಗ ಕೆಳಗೆ ಮಲಗಿದಾಗ ಕಾರಿನ ಭಾರ ಹೊತ್ತಿರುವುದು ಯಾವುದು? ಜಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ. ಗಟ್ಟಿ ನೆಲ, ಕಬ್ಬಿಣದ ಸ್ಟ್ಯಾಂಡು ಬೇಕೇಬೇಕು. ಅರ್ಧ ಕ್ವಿಂಟಲ್ ದಾಟುವ ಗೇರ್‌ಬಾಕ್ಸನ್ನು ಇಳಿಸಲು ಇನ್ನೊಂದು ಜಾಕ್ ಬೇಕು. ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ. ಇವಿಲ್ಲದಿದ್ದರೆ, ಶ್ರೀರಂಗಪಟ್ಟಣದಿಂದ ಮೈಸೂರಿನ ವರ್ಕ್‌ಶಾಪುಗಳೇನೂ ದೂರವಲ್ಲ.